ಡ್ರೈವ್‌ವೇಯಲ್ಲಿ ಒಂದು ಮೆಟಡೋರು

ಹೋದ ತಿಂಗಳು ಒಬ್ಬಾತ ನಮ್ಮನೆ ಬಾಗಿಲು ತಟ್ಟಿದ. ಡ್ರೈವ್‌ವೇಯಲ್ಲಿ ನಿಂತಿದ್ದ ಗಾಡಿಯ ಕಡೆ ಕೈ ತೋರಿಸಿ, "ನೀವು ಡ್ರೈನ್ ಕ್ಲೀನ್ ಮಾಡಿಕೊಡ್ತೀರಾ?" ಎಂದು ಕೇಳಿದ. ಹೀಗೆ ಕೇಳಿಸಿಕೊಳ್ಳುತ್ತಿರುವುದು ಇದು ಮೂರನೇ ಸಲ. ಮೊದಲ ಸಲ ಸ್ವಲ್ಪ ಮುಖ ಊದಿಸಿಕೊಂಡಿದ್ದೆ. ಈಗ ಪರಿಚಯದ ಪ್ಲಂಬರ್ ಒಬ್ಬನ ನಂಬರ್ ಫ್ರಿಜ್ ಮೇಲೆ ಅಂಟಿಸಿಟ್ಟಿದ್ದೇನೆ. ಅದನ್ನೇ ಕೊಟ್ಟು ಕಳಿಸಿದೆ.

ನಾವಿರುವುದು ಅಮೆರಿಕದ ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕದ ಒಂದು ಊರಿನಲ್ಲಿ. ಇಲ್ಲಿನ ನಮ್ಮವರ ಮನೆಗಳಲ್ಲಿ ಎರಡನೇ ಮಗು ಹುಟ್ಟಿತು ಅಂದ್ರೆ ಮಿನಿವ್ಯಾನ್ ಬಂತು ಎಂದೇ ಅರ್ಥ. ಹೊಂಡಾ ಒಡಿಸ್ಸಿ, ಇಲ್ಲವಾದರೆ ಟೊಯೊಟಾ ಸಿಯೆನ್ನಾ. ಕನ್ನಡ ಕೂಟದ ಕಾರ್ಯಕ್ರಮಕ್ಕೆ ಹೋದರೆ ಹೊರಗೆ ಸಾಲಾಗಿ ಅವೇ ನಿಂತಿರುತ್ತವೆ. ನಾನು ತಂದದ್ದು ಅವುಗಳ ದೊಡ್ಡಣ್ಣನನ್ನು. 2012ರ ಷೆವರ್ಲೆ ಎಕ್ಸ್‌ಪ್ರೆಸ್, ಹನ್ನೆರಡು ಸೀಟಿನ ಫುಲ್ ಸೈಜ್ ವ್ಯಾನ್. ಇಲ್ಲಿನ ಪ್ಲಂಬರುಗಳು ಓಡಿಸುವುದೂ ಇಂಥದ್ದನ್ನೇ. ಬೇರೆ ಕಾರು ಇಲ್ಲವೆಂದಲ್ಲ, ಹೆಂಡತಿಯದು ಒಂದಿದೆ. ಆದರೆ ಆಫೀಸು, ಹಾಲು, ತರಕಾರಿ, ಮಗಳ ಶಾಲೆ ಎಲ್ಲಕ್ಕೂ ನಾನು ಓಡಿಸುವುದು ಇದನ್ನೇ.

ಉದ್ದ ಹದಿನೆಂಟು ಅಡಿ ಎಂಟು ಇಂಚು. ಎತ್ತರ ಹೆಚ್ಚುಕಡಿಮೆ ಏಳು ಅಡಿ. ಎಂಜಿನ್ 4.8 ಲೀಟರಿನ ವಿ8. ನಮ್ಮ ಮಾರುತಿ ಓಮ್ನಿಯದು 796 ಸಿಸಿ ಇತ್ತಲ್ಲ, ಅಂಥ ಆರು ಎಂಜಿನ್ ಸೇರಿಸಿದಷ್ಟು. ಈ ಮಾಡೆಲ್ ಶುರುವಾದದ್ದು 1996ರಲ್ಲಿ. ಅಲ್ಲಿಂದ ಅದರ ಮೈಕಟ್ಟು ಅಷ್ಟೇನೂ ಬದಲಾಗಿಲ್ಲ. ಹಾಗಾಗಿ ಗುಜರಿ ಅಂಗಡಿಗೆ ಹೋದರೆ ಯಾವ ಬಾಗಿಲು ಬೇಕಾದರೂ ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವನಿಗೆ ಇದಕ್ಕಿಂತ ಇನ್ನೇನು ಬೇಕು?

ಕೊಂಡದ್ದು ಒಂದು ಚರ್ಚಿನಿಂದ. ಅವರು ಹೊಸದನ್ನು ತರಿಸಿಕೊಂಡು ಇದನ್ನು ಮಾರುತ್ತಿದ್ದರು. ಪಕ್ಕದಲ್ಲಿ ಅಂಟಿಸಿದ್ದ ಅಕ್ಷರಗಳನ್ನು ಕಿತ್ತು ಕೊಟ್ಟರು. ಆದರೆ ಅಷ್ಟು ವರ್ಷ ಬಿಸಿಲು ಬಿದ್ದ ಬಣ್ಣಕ್ಕೂ ಸ್ಟಿಕ್ಕರ್ ಕೆಳಗಿದ್ದ ಬಣ್ಣಕ್ಕೂ ವ್ಯತ್ಯಾಸ ಇರುತ್ತದಲ್ಲ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ "ಬನ್ನಿ, ನಮ್ಮೊಡನೆ ಪ್ರಾರ್ಥಿಸಿ" ಎನ್ನುವ ಇಂಗ್ಲಿಷ್ ಸಾಲು ಇವತ್ತಿಗೂ ತೇಲಿ ಕಾಣುತ್ತದೆ. ಪ್ರತಿ ವರ್ಷ ಕೂಟದ ಗಣಪತಿ ಮಂಟಪಕ್ಕೆ ಹೋಗುವುದು ಇದೇ ಗಾಡಿಯಲ್ಲಿ. ಗಣಪ್ಪ ಇದುವರೆಗೆ ಏನೂ ಅಂದಿಲ್ಲ.

ಕಷ್ಟಗಳನ್ನೂ ಹೇಳಿಬಿಡುತ್ತೇನೆ. ಮೊದಲನೆಯದು ಎತ್ತರ. ಕೊಂಡ ಹೊಸದರಲ್ಲಿ ಪೇಟೆಯ ಒಂದು ಬಹುಮಹಡಿ ಪಾರ್ಕಿಂಗ್‌ಗೆ ನುಗ್ಗಿದೆ. ಬಾಗಿಲಲ್ಲಿ ಸರಪಳಿಗೆ ನೇತುಹಾಕಿದ ಹಳದಿ ಪೈಪು, ಅದರ ಮೇಲೆ ಆರು ಅಡಿ ಎಂಟು ಇಂಚು ಅಂತ ಬರೆದಿದೆ. ಓದಿದೆ. ಓದಿದ್ದು ತಲೆಗೆ ಹೋಗುವಷ್ಟರಲ್ಲಿ ಟಣ್ ಅಂತು. ಪೈಪು ಒಮ್ಮೆ ತೂಗಾಡಿ ಬಂದು ಗಾಜಿಗೂ ತಟ್ಟಿತು. ಹಿಂದೆ ನಾಲ್ಕು ಕಾರು. ಒಬ್ಬೊಬ್ಬರಾಗಿ ಹಿಂದೆ ಸರಿದು ನನಗೆ ದಾರಿ ಬಿಟ್ಟರು. ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅವತ್ತಿನಿಂದ ಎಲ್ಲಿಗೆ ಹೊರಟರೂ ಮೊದಲು ಬಯಲಿನ ಪಾರ್ಕಿಂಗ್ ಎಲ್ಲಿದೆ ಅಂತ ಹುಡುಕುತ್ತೇನೆ. ಕಾರ್ ವಾಷಿನ ಬೋರ್ಡು, ಹೋಟೆಲಿನ ಪೋರ್ಟಿಕೋ, ಮರದ ಕೊಂಬೆ, ಎಲ್ಲದರ ಎತ್ತರವನ್ನೂ ಕಣ್ಣು ತಾನಾಗಿ ಅಳೆಯುತ್ತದೆ.

ಎರಡನೆಯದು ರಿವರ್ಸ್. ಇಲ್ಲಿ ಹೊಸ ಗಾಡಿಗಳಿಗೆ ಹಿಂಬದಿ ಕ್ಯಾಮೆರಾ ಕಡ್ಡಾಯ ಆದದ್ದು 2018ರ ಮೇ ತಿಂಗಳಿಂದ. ನಮ್ಮದು ಅದಕ್ಕೂ ಹಳೆಯದು. ಹಿಂದಿನ ಗಾಜಿನಿಂದ ಕಾಣುವುದು ಆಕಾಶ ಮಾತ್ರ. ಹಾಗಾಗಿ ಇಕ್ಕಟ್ಟಿನ ಜಾಗದಲ್ಲಿ ಹೆಂಡತಿ ಇಳಿದು ಕ್ಲೀನರ್ ಆಗುತ್ತಾಳೆ. "ಬರ್ಲಿ... ಬರ್ಲಿ... ಹೋಲ್ಡ್!" ಅಂತ ಕೂಗಿ ಗಾಡಿಯ ಮೈಯನ್ನು ಎರಡು ಸಲ ತಟ್ಟುತ್ತಾಳೆ. ಪಕ್ಕದ ಕಾರಿನವರು ಏನೋ ಜಗಳ ಅಂದುಕೊಂಡು ನೋಡುತ್ತಾರೆ.

ಬಡಾವಣೆಯ ಸಂಘದಿಂದ ಒಂದು ಪತ್ರವೂ ಬಂದಿತ್ತು. ವ್ಯಾಪಾರದ ಗಾಡಿಗಳನ್ನು ಮನೆ ಮುಂದೆ ನಿಲ್ಲಿಸುವಂತಿಲ್ಲ ಅಂತ. ಸೀಟುಗಳ ಫೋಟೋ, ರಿಜಿಸ್ಟ್ರೇಷನ್ ಕಾಪಿ ಕಳಿಸಿದೆ. ಸುಮ್ಮನಾದರು. ಗರಾಜಿನೊಳಗೆ ಇಡೋಣ ಅಂದ್ರೆ ಅದರ ಬಾಗಿಲೇ ಏಳು ಅಡಿ.

ಇನ್ನು ಪೆಟ್ರೋಲು. ಊರೊಳಗೆ ಗ್ಯಾಲನ್‌ಗೆ ಹನ್ನೆರಡು ಹದಿಮೂರು ಮೈಲಿ, ನಿಮ್ಮ ಲೆಕ್ಕದಲ್ಲಿ ಲೀಟರಿಗೆ ಐದು ಕಿಲೋಮೀಟರ್ ಚಿಲ್ಲರೆ. ಟ್ಯಾಂಕು 31 ಗ್ಯಾಲನ್, ಅಂದರೆ 117 ಲೀಟರ್. 2022ರ ಜೂನ್‌ನಲ್ಲಿ ಮಿಶಿಗನ್‌ನಲ್ಲಿ ಗ್ಯಾಲನ್‌ಗೆ ಐದು ಡಾಲರ್ ದಾಟಿದಾಗ, ಟ್ಯಾಂಕು ತುಂಬುವ ಮೊದಲೇ ಕಾರ್ಡಿನ ಮಿತಿ ಮುಗಿದು ಪಂಪು ನಿಂತುಬಿಡುತ್ತಿತ್ತು. ಒಬ್ಬನೇ ಕೂತು ಆಫೀಸಿಗೆ ಹೋಗುವಾಗ ಹನ್ನೊಂದು ಖಾಲಿ ಸೀಟು ಹೊತ್ತುಕೊಂಡು ಹೋಗುವುದು ಶುದ್ಧ ದಂಡ. ಅದನ್ನು ನಾನು ಸಮರ್ಥಿಸಿಕೊಳ್ಳಲ್ಲ.

ಲೆಕ್ಕ ತಿರುಗಾ ಮುರುಗಾ ಆಗುವುದು ಗಾಡಿ ತುಂಬಿದಾಗ. ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನಕ್ಕೆ ಇಲ್ಲಿಂದ ಮುನ್ನೂರು ಮೈಲಿಯ ಹತ್ತಿರ. ಊರಿಂದ ಅಮ್ಮ ಬಂದಿದ್ದಾಗ ಮೂರು ಮನೆಯವರು ಹನ್ನೊಂದು ಜನ ಒಂದೇ ಗಾಡಿಯಲ್ಲಿ ಹೊರಟೆವು. ಹೈವೇಯಲ್ಲಿ ಹದಿನೈದು ಮೈಲಿ ಕೊಟ್ಟಿತು. ಅದೇ ಎರಡು ಮಿನಿವ್ಯಾನ್ ತೆಗೆದುಕೊಂಡು ಹೋಗಿದ್ದರೂ ಪೆಟ್ರೋಲು ಹೆಚ್ಚುಕಡಿಮೆ ಅಷ್ಟೇ ಬೇಕಿತ್ತು. ಜೊತೆಗೆ ಎರಡು ಗಾಡಿಗೂ ಟೋಲ್.

ಅಮ್ಮ ಗಾಡಿ ನೋಡಿದ ಕೂಡಲೇ "ಇದೇನೋ, ಮೆಟಡೋರು ತಂದಿದೀಯ!" ಅಂದರು. ನಮ್ಮದು ತಿಪಟೂರು ಕಡೆ. ಮಾವನ ಮೆಟಡೋರು ವಾರವೆಲ್ಲ ಮಂಡಿಗೆ ಕೊಬ್ಬರಿ ಹೊಡೆಯುತ್ತಿತ್ತು, ಮದುವೆ ಬಂದರೆ ದಿಬ್ಬಣ ಹೊರುತ್ತಿತ್ತು. ಅಮ್ಮನದೂ ಹಾಗೇ ಹೋದ ದಿಬ್ಬಣ. ಇದಕ್ಕೆ ಹತ್ತಲು ಮಂಡಿ ನೋವು ಅಂತ ಒಂದು ಮರದ ಸ್ಟೂಲು ಮಾಡಿಕೊಟ್ಟೆ. ಹತ್ತಿ ಮುಂದಿನ ಸೀಟಲ್ಲಿ ಕೂತವರು ಮತ್ತೆ ಹಿಂದೆ ಹೋಗಲಿಲ್ಲ.

ಅಲ್ಲೊಂದು ವಿಶೇಷ ಇದೆ. ಈ ಗಾಡಿಗಳಲ್ಲಿ ಎಂಜಿನ್ ಅರ್ಧ ಒಳಗೇ ಬಂದಿರುತ್ತದೆ. ಮುಂದಿನ ಎರಡು ಸೀಟಿನ ನಡುವೆ ಗುಡ್ಡದ ಹಾಗೆ ಒಂದು ಮುಚ್ಚಳ. ಇಲ್ಲಿಯವರು ಅದಕ್ಕೆ ಡಾಗ್‌ಹೌಸ್, ನಾಯಿಗೂಡು, ಅನ್ನುತ್ತಾರೆ. ಕಾಲು ಚಾಚಲು ಜಾಗವಿಲ್ಲ, ಬೇಸಿಗೆಯಲ್ಲಿ ಕಾಲು ಬೇಯುತ್ತದೆ. ಹಳೆಯ ಬಸ್ಸಲ್ಲಿ ಡ್ರೈವರ್ ಪಕ್ಕ ಬಾನೆಟ್ ಮೇಲೆ ಕೂತವರಿಗೆ ಆ ಕಾವು ನೆನಪಿರಬೇಕು. ಅಮ್ಮ ಅರ್ಧ ಗಂಟೆಯಲ್ಲಿ ಇದನ್ನು ಕಂಡುಹಿಡಿದು, ಉಪ್ಪಿಟ್ಟಿನ ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ ಅದರ ಮೇಲಿಟ್ಟರು. ಓಹಿಯೋದ ರೆಸ್ಟ್ ಏರಿಯಾದಲ್ಲಿ ಮುಚ್ಚಳ ತೆಗೆದಾಗ ಇನ್ನೂ ಬೆಚ್ಚಗಿತ್ತು.

ಗಾಡಿ ತುಂಬಿದಾಗ ಓಡಿಸುವ ರೀತಿಯೂ ಬದಲಾಗಬೇಕು, ಇದು ತಮಾಷೆಯಲ್ಲ. ಜನ ಜಾಸ್ತಿಯಾದಷ್ಟೂ ಭಾರ ಮೇಲಕ್ಕೆ, ಹಿಂದಕ್ಕೆ ಹೋಗುತ್ತದೆ. ಗಾಬರಿಯಲ್ಲಿ ಸ್ಟೇರಿಂಗ್ ಎಳೆದರೆ ಮಗುಚಬಹುದು. ಹದಿನೈದು ಸೀಟಿನ ವ್ಯಾನುಗಳ ಬಗ್ಗೆ ಇಲ್ಲಿನ ರಸ್ತೆ ಸುರಕ್ಷತಾ ಇಲಾಖೆ 2001ರಿಂದಲೇ ಎಚ್ಚರಿಸುತ್ತಾ ಬಂದಿದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೂತರೆ ಅಪಾಯ ಬಹಳ ಹೆಚ್ಚು ಅಂತ. ನಮ್ಮದು ಅದಕ್ಕಿಂತ ಗಿಡ್ಡ. ಆದರೂ ಟಾಪ್ ಮೇಲೆ ಏನೂ ಹಾಕಲ್ಲ, ಹಿಂದಿನ ಸಾಲಿನವರೂ ಬೆಲ್ಟ್ ಹಾಕದಿದ್ದರೆ ಗಾಡಿ ತೆಗೆಯಲ್ಲ. ಟಯರ್ ಗಾಳಿ ಪ್ರತಿ ಸಲ ನೋಡಲೇಬೇಕು.

ಮಗಳಿಗೆ ಮೊದಲು ಇದೆಂದರೆ ನಾಚಿಕೆ. "ಅಪ್ಪಾ, ಆ ತಿರುವಿನಲ್ಲೇ ಇಳಿಸು" ಅನ್ನುತ್ತಿದ್ದಳು. ಹೈಸ್ಕೂಲಲ್ಲಿ ರೋಬೋಟಿಕ್ಸ್ ತಂಡ ಸೇರಿದಳು. ಮಿಶಿಗನ್‌ನಲ್ಲಿ ಇದರ ಹುಚ್ಚು ಜೋರು. ನೂರು ಪೌಂಡಿಗೂ ಭಾರದ ರೋಬೋ, ಅದರ ಗಾಡಿ, ಸ್ಪೇರ್ ಚಕ್ರ, ಟೂಲ್ ಬಾಕ್ಸು. ಯಾರ ಕಾರಿಗೂ ಹಿಡಿಯಲಿಲ್ಲ. ನಮ್ಮದರಲ್ಲಿ ಹಿಂದಿನ ಸೀಟುಗಳನ್ನು ಬಿಚ್ಚಿದರೆ ಎಂಟಡಿ ನಾಲ್ಕಡಿಯ ಪ್ಲೈವುಡ್ ಹಾಳೆ ಮಲಗಿಸಬಹುದು. ಈಗ ಗಾಡಿಯನ್ನು ಶಾಲೆಯ ಬಾಗಿಲಿಗೇ ಹಚ್ಚಬೇಕು.

ಸೀಟು ಬಿಚ್ಚುವುದು ಇಬ್ಬರ ಕೆಲಸ, ಸೊಂಟ ಹಿಡಿಯುತ್ತದೆ. ಆದರೂ ತಿಂಗಳಿಗೆ ಎರಡು ಸಲವಾದರೂ ಬಿಚ್ಚುತ್ತೇನೆ. ಹೊಸದಾಗಿ ಬಂದ ಹುಡುಗರ ಹಾಸಿಗೆ, ಕೂಟದ ಸ್ಪೀಕರು, ನೂರು ಜನರ ಬಿಸಿಬೇಳೆಬಾತು, ಭರತನಾಟ್ಯದ ಸೆಟ್ಟು. ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ. ಮೊದಲ ಒಂಬತ್ತು ವರ್ಷ ಶನಿವಾರ ನನಗೆ ಫೋನ್ ಮಾಡುವವರು ಇರಲಿಲ್ಲ. ಈಗ ಶುಕ್ರವಾರ ರಾತ್ರಿಯೇ ಶುರು. ಗಾಡಿ ಬೇಕು ಅಂತ ಯಾರೂ ನೇರವಾಗಿ ಕೇಳುವುದಿಲ್ಲ. "ನಾಳೆ ಫ್ರೀನಾ ಸರ್?" ಅನ್ನುತ್ತಾರೆ, ಅಷ್ಟೇ.

ಕೊನೆಗೆ ಇದನ್ನು ತಿನ್ನುತ್ತಿರುವುದು ಉಪ್ಪು. ಡೆಟ್ರಾಯಿಟ್ ನಗರದ ಕೆಳಗೇ, ಸುಮಾರು 1,200 ಅಡಿ ಆಳದಲ್ಲಿ, ದೊಡ್ಡ ಉಪ್ಪಿನ ಗಣಿ ಇದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವುದು ಉಪ್ಪನ್ನೇ. ನಾನು ಹಿಂದಿನ ಚಕ್ರ ಜಾರದಿರಲಿ ಅಂತ ನಾಲ್ಕು ಚೀಲ ಮರಳು ಹೇರಿಕೊಂಡು ಆ ಉಪ್ಪಿನಲ್ಲೇ ಓಡಾಡುತ್ತೇನೆ. ಮೊನ್ನೆ ಮೆಕ್ಯಾನಿಕ್ ಬಾಗಿಲ ಕೆಳಗಿನ ತಗಡನ್ನು ಸ್ಕ್ರೂಡ್ರೈವರಿನಿಂದ ಒತ್ತಿ ತೋರಿಸಿದ. ಹಪ್ಪಳದ ಹಾಗೆ ಮುರಿದು ಉದುರಿತು. "ಇನ್ನು ಎರಡು ಚಳಿಗಾಲ" ಅಂದ.

ಮನೆಗೆ ಬಂದು, ಮಾರಿ ಒಂದು ಒಡಿಸ್ಸಿ ತಗೊಳ್ಳೋಣ್ವಾ ಅಂತ ಹೆಂಡತಿಯನ್ನು ಕೇಳಿದೆ. ಇದನ್ನು ತಂದ ದಿನ ಎರಡು ಹೊತ್ತು ಮಾತು ಬಿಟ್ಟಿದ್ದವಳು ಅವಳೇ. ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತದೆ, "ಗಣಪತಿ ಹಬ್ಬ ಒಂದು ಮುಗೀಲಿ" ಅಂದಳು. ಹಬ್ಬ ಮುಗಿದರೆ ಹಿಂದೆಯೇ ರಾಜ್ಯೋತ್ಸವ ಬರುತ್ತದೆ. ಅದು ಅವಳಿಗೂ ಗೊತ್ತು.