ಕಾಕಾನ ಮಂಚದ ಪಕ್ಕದ ಸ್ಟೂಲು

ಹೋದ ವರ್ಷ ಆಗಸ್ಟ್ ತಿಂಗಳ ಒಂದು ಶನಿವಾರ. ಬೆಟಗೇರಿಯ ನಮ್ಮ ಓಣಿಯ ಹಿರಿಯರೊಬ್ಬರು ಆಸ್ಪತ್ರೆಯಲ್ಲಿದ್ದರು. ನಲವತ್ತು ವರ್ಷ ಮಗ್ಗದಲ್ಲಿ ಸೀರೆ ನೇಯ್ದ ಜೀವ. ರಕ್ತಸಂಬಂಧ ಇಲ್ಲ, ಒಂದೇ ಚರ್ಚಿನ ಸಭೆಯವರು ಅಷ್ಟೇ. ಆದರೂ ನಮ್ಮ ಮನೆಯಲ್ಲಿ ಎಲ್ಲರಿಗೂ ಅವರು ಕಾಕಾ. ಅವರ ಮೊಮ್ಮಗಳು ಮನೆಗೆ ಹೋಗಿ ಸ್ನಾನ, ಊಟ ಮುಗಿಸಿ ಬರಲಿ ಅಂತ ನಾನು ಹೊಲಿಗೆ ಅರ್ಧಕ್ಕೆ ಬಿಟ್ಟು, ಒಂದು ಡಬ್ಬಿ ಗಂಜಿ ಹಿಡಿದು ಹೋಗಿದ್ದೆ.

ಎರಡು ಚಮಚ ಕುಡಿದು ಸಾಕು ಅಂದರು. ಆಮೇಲೆ, "ಪಾಸ್ಟರ್ ಅವರನ್ನ ಕರಸವ್ವಾ. ಒಂದು ಮಾತು ಹೇಳೂದೈತಿ" ಅಂದರು.

ನಮ್ಮ ಪಾಸ್ಟರ್ ಮೂರು ಊರಿನ ಸಭೆ ನೋಡಿಕೊಳ್ಳುತ್ತಾರೆ. ಆ ದಿನ ಇನ್ನೊಂದು ಊರಿಗೆ ಮಣ್ಣಿಗೆ ಹೋಗಿದ್ದರು. ನಾಲ್ಕು ಸಲ ಫೋನ್ ಮಾಡಿದೆ, ಹತ್ತಲಿಲ್ಲ. ಬರುವುದು ರಾತ್ರಿಯಾಗುತ್ತದೆ ಅಂತ ಹೇಳಿದೆ. ಕಾಕಾ ಕಣ್ಣು ಮುಚ್ಚಿ ಸುಮ್ನೆ ಮಲಗಿದರು. ಸ್ವಲ್ಪ ಹೊತ್ತಿಗೆ ಅವರ ಕೈ ನನ್ನ ಸೆರಗು ಹಿಡಿಯಿತು. "ಹಂಗಾರ ನೀನ ಕೇಳವ್ವಾ. ನೀನ ಪ್ರಾರ್ಥನಾ ಮಾಡು."

ಅವರು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲೂ ಬರೆಯುವುದಿಲ್ಲ. ಬಹಳ ಹಳೆಯ ಮಾತು. ಅದನ್ನು ಹೊತ್ತುಕೊಂಡೇ ಅವರು ಪ್ರತಿ ಭಾನುವಾರ ಮೂರನೇ ಬೆಂಚಿನಲ್ಲಿ ಕೂರುತ್ತಿದ್ದರು. ಆರಾಧನೆಯಲ್ಲಿ ಎಲ್ಲರೂ ಒಟ್ಟಾಗಿ ಪಾಪ ಅರಿಕೆ ಮಾಡುತ್ತೇವೆ, ಪಾಸ್ಟರ್ ಕ್ಷಮೆಯ ಮಾತು ಹೇಳುತ್ತಾರೆ. ಆ ಮಾತು ಬೇರೆಯವರಿಗೆ, ತನಗಲ್ಲ ಅಂತ ಅವರು ಇಷ್ಟು ವರ್ಷ ಅಂದುಕೊಂಡಿದ್ದರು.

ಹೇಳಿ ಮುಗಿಸಿ ನನ್ನ ಮುಖ ನೋಡಿದರು. ನನಗೆ ಭಯವಾಯಿತು. ಕ್ಷಮೆ ಆಗಿದೆ ಅಂತ ಹೇಳಲು ನಾನು ಯಾರು?

ಉತ್ತರ ನನಗೆ ಬಾಯಿಪಾಠ ಇತ್ತು. ಸ್ತ್ರೀಯರ ಸಂಘದಲ್ಲಿ ಬೈಬಲಿನಲ್ಲಿರುವ, ಯೇಸುವಿನ ಶಿಷ್ಯ ಪೇತ್ರನ ಮೊದಲನೇ ಪತ್ರಿಕೆಯ ಎರಡನೇ ಅಧ್ಯಾಯವನ್ನು ಎಷ್ಟು ಸಲ ಓದಿದ್ದೇವೋ. ನೀವು ರಾಜವಂಶಸ್ಥರಾದ ಯಾಜಕರು, ಅಂದರೆ ದೇವರ ಸೇವೆಯ ಪುರೋಹಿತರು, ಅಂತ ಪೇತ್ರ ಬರೆದದ್ದು ಪಾಸ್ಟರುಗಳಿಗಷ್ಟೇ ಅಲ್ಲ, ಊರೂರಿಗೆ ಚದುರಿಹೋದ ಸಾಮಾನ್ಯ ವಿಶ್ವಾಸಿಗಳಿಗೆ. ಚಮ್ಮಾರ, ಕಮ್ಮಾರ, ರೈತ ಎಲ್ಲರಿಗೂ ಅವರವರ ಕಸುಬು ಇದೆ, ಆದರೂ ಎಲ್ಲರೂ ಯಾಜಕರೇ ಅಂತ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 1520ರಲ್ಲಿ ಬರೆದ. 1834ರಲ್ಲಿ ಮಂಗಳೂರಿಗೆ ಬಂದು ಆಮೇಲೆ ನಮ್ಮ ಕಡೆಗೂ ಬಂದ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆ ಬಾಸೆಲ್ ಮಿಷನ್‌ನವರೂ ಇದೇ ಬೋಧನೆ ತಂದರು. ಇದನ್ನೆಲ್ಲ ನಾನೇ ಬೇರೆಯವರಿಗೆ ಕಲಿಸಿದ್ದೇನೆ. ಆದರೆ ನಮ್ಮ ಚರ್ಚೆ ಯಾವಾಗಲೂ ವೇದಿಕೆಯ ಸುತ್ತಲೇ ಇರುತ್ತಿತ್ತು. ಯಾರು ಪ್ರಸಂಗ ಮಾಡಬಹುದು, ಹೆಂಗಸರಿಗೆ ಎಷ್ಟು ಅವಕಾಶ, ಇಂಥದ್ದೇ ಜಾಸ್ತಿ. ಯಾಜಕ ಅಂದರೆ ಇನ್ನೊಬ್ಬರ ಭಾರ ಹೊತ್ತು ದೇವರ ಮುಂದೆ ನಿಲ್ಲುವವನು ಅಲ್ವಾ? ಆ ಭಾರ ನನ್ನ ಸೆರಗು ಹಿಡಿದು ಕೇಳುವ ತನಕ ನನಗೆ ಅದು ಹೊಳೆದಿರಲಿಲ್ಲ.

ಆಗ ಸಂಡೆ ಸ್ಕೂಲಿನ ಒಂದು ಪಾಠ ನೆನಪಾಯಿತು. ಯೆರೂಸಲೇಮಿನ ದೇವಾಲಯದಲ್ಲಿ ತೆರೆಯ, ಅಂದರೆ ಪರದೆಯ, ಆಚೆ ಇದ್ದ ದೇವರ ಸನ್ನಿಧಿಗೆ ಮಹಾಯಾಜಕ ಒಬ್ಬನೇ, ವರ್ಷಕ್ಕೊಂದೇ ದಿನ ಹೋಗುತ್ತಿದ್ದ. ಯೇಸು ಪ್ರಾಣ ಬಿಟ್ಟಾಗ ಆ ತೆರೆ ಮೇಲಿನಿಂದ ಕೆಳಗಿನ ತನಕ ಹರಿಯಿತು. "ಮನುಷ್ಯ ಹರಿದಿದ್ದರೆ ಕೆಳಗಿನಿಂದ ಹರಿಯಬೇಕಿತ್ತು" ಅಂತ ಟೀಚರ್ ತನ್ನ ಸೆರಗು ಎತ್ತಿ ಹಿಡಿದು ತೋರಿಸಿದ್ದರು. ನಾನು ತೆರೆಯುವ ಬಾಗಿಲು ಇಲ್ಲಿ ಯಾವುದೂ ಇಲ್ಲ. ಅದು ಆಗಲೇ ತೆರೆದಿದೆ. ಕಾಕಾನ ಜೊತೆ ಒಳಗೆ ಹೋದರೆ ಆಯಿತು.

ಸ್ಟೂಲನ್ನು ಮಂಚಕ್ಕೆ ತಾಗಿಸಿದೆ. ಯೋಹಾನನ ಮೊದಲನೇ ಪತ್ರಿಕೆಯಲ್ಲಿರುವ ಮಾತನ್ನು ನಿಧಾನವಾಗಿ ಹೇಳಿದೆ. ಪಾಪ ಅರಿಕೆ ಮಾಡಿದರೆ ಕ್ಷಮಿಸಲು ದೇವರು ನಂಬಿಗಸ್ತನು. "ಕಾಕಾ, ಇದು ನನ್ನ ಮಾತಲ್ಲ, ಅವನ ಮಾತು. ನಿಮಗ ಹೇಳಿದ್ದು" ಅಂದೆ. ಪ್ರಾರ್ಥನೆ ಮಾಡುವಾಗ ದನಿ ನಡುಗಿತು. ಆಮೆನ್ ಅಂದ ಮೇಲೂ ಅವರು ಕೈ ಬಿಡಲಿಲ್ಲ.

ಪಾಸ್ಟರ್ ಬಂದಾಗ ರಾತ್ರಿ ಹತ್ತು ದಾಟಿತ್ತು. ಪ್ರಾರ್ಥನೆ ಮಾಡಿದೆ ಅಂತಷ್ಟೇ ಹೇಳಿದೆ. ಅವರು ಜಾಸ್ತಿ ಏನೂ ಕೇಳಲಿಲ್ಲ. "ಒಳ್ಳೇದಾತು" ಅಂದರು. ಮರುದಿನ ಬೆಳಿಗ್ಗೆ ಆರಾಧನೆಗೆ ಮೊದಲೇ ಬಂದು ಕಾಕಾಗೆ ಪ್ರಭುಭೋಜನ, ಅಂದರೆ ಯೇಸುವಿನ ನೆನಪಿನ ರೊಟ್ಟಿ, ದ್ರಾಕ್ಷಾರಸ, ಕೊಟ್ಟರು. ನಮ್ಮ ಸಭೆಯಲ್ಲಿ ಅದು ಅಭಿಷೇಕ ಪಡೆದ ಪಾಸ್ಟರುಗಳ ಸೇವೆ, ಅದು ಹಾಗೇ ಇರಲಿ ಅನ್ನುವವಳು ನಾನು. ಸಭೆಯನ್ನು ಕಾಯಲು ಒಬ್ಬರನ್ನು ನೇಮಿಸಿದ್ದೇವೆ ಅಂದ ಮಾತ್ರಕ್ಕೆ ಉಳಿದವರ ಯಾಜಕತ್ವ ಎಲ್ಲಿಗೂ ಹೋಗುವುದಿಲ್ಲ. ರೊಟ್ಟಿಯ ಚೂರನ್ನು ಕಾಕಾ ಎರಡೂ ಕೈ ಚಾಚಿ ತೆಗೆದುಕೊಂಡರು.

ಪಾಸ್ಟರ್ ಹೋದ ಮೇಲೆ ನಾನೂ ಡಬ್ಬಿ ಎತ್ತಿಕೊಂಡು ಎದ್ದೆ. ಕಾಕಾ ತಡೆದರು.

"ನಿನ್ನೆ ನಂದು ಕೇಳಿದಿ. ನಿಂದೂ ಏನರ ಇರತೈತಿ. ಹೇಳವ್ವಾ, ನಾನೂ ಪ್ರಾರ್ಥನಾ ಮಾಡತೀನಿ."

ನಾನು ಡಬ್ಬಿ ಕೆಳಗಿಟ್ಟು ಮತ್ತೆ ಸ್ಟೂಲಿನ ಮೇಲೆ ಕೂತೆ.