ಯೆರಿಕೋ ದಿಬ್ಬದಲ್ಲಿ, ಅಜ್ಜಿ ಓದದೆ ಬಿಟ್ಟ ಪದ

ಯೊರ್ದನ್ ಹೊಳೆಯನ್ನು ದಾಟಲು ನಮ್ಮ ಬಸ್ಸಿಗೆ ಅರೆ ನಿಮಿಷ ಸಾಕಾಯಿತು. ಕಿಟಕಿಯಿಂದ ಬಗ್ಗಿ ನೋಡಿದರೆ ಜೊಂಡಿನ ನಡುವೆ ಮಣ್ಣುಬಣ್ಣದ ನೀರಿನ ಒಂದು ಗೆರೆ. ಸುಗ್ಗಿಯ ಕಾಲದಲ್ಲಿ ದಡ ಮೀರಿ ಹರಿಯುತ್ತಿತ್ತು ಎಂದು ಬೈಬಲಿನ ಯೆಹೋಶುವನ ಗ್ರಂಥ ಹೇಳುವ ಹೊಳೆ ಇದೇ. ಈಗ ಮೇಲ್ಗಡೆಯಲ್ಲೇ ಒಂದೊಂದು ದೇಶವೂ ತನ್ನ ಪಾಲಿನ ನೀರನ್ನು ತಿರುಗಿಸಿಕೊಳ್ಳುತ್ತದೆ. ಇಲ್ಲಿಗೆ ತಲುಪುವುದು ಉಳಿದದ್ದು ಮಾತ್ರ.

ಅದು 2019ರ ಮಾರ್ಚ್. ಹುಬ್ಬಳ್ಳಿ, ಧಾರವಾಡ, ಗದಗಗಳಿಂದ ಹೊರಟ ಇಪ್ಪತ್ತೆಂಟು ಮಂದಿ ನಾವು. ಹಿಂದಿನ ದಿನ ನೆಬೋ ಬೆಟ್ಟದ ಮೇಲೆ ನಿಂತು, ಮೋಶೆ ದೂರದಿಂದ ಮಾತ್ರ ಕಂಡ ನಾಡನ್ನು ನೋಡಿದ್ದೆವು. ಮಂಜು ಸರಿದಾಗ ಬೂದುಬಣ್ಣದ ಕಣಿವೆಯಾಚೆ ಒಂದು ಹಸಿರು ತೇಪೆ ಕಾಣಿಸಿತು. "ಅದೇ ಯೆರಿಕೋ" ಎಂದರು ನಮ್ಮ ಮಾರ್ಗದರ್ಶಕರು. ಮೋಶೆಯ ಬಳಿಕ ಇಸ್ರಾಯೇಲರ ನಾಯಕನಾದ ಯೆಹೋಶುವನು, ಆ ಊರನ್ನು ಗೆಲ್ಲುವ ಮೊದಲು, ಬೆಟ್ಟದ ಬುಡದ ಬಯಲಿನಿಂದಲೇ ಇಬ್ಬರು ಗೂಢಚಾರರನ್ನು ಹೊಳೆ ದಾಟಿಸಿ ಕಳಿಸಿದ್ದು. ಅವರು ಹೋಗಿ ತಂಗಿದ್ದು ರಾಹಾಬಳ ಮನೆಯಲ್ಲಿ. ಉಳಿದವರು ಈ ಯಾತ್ರೆಗೆ ಬಂದದ್ದು ಯೇಸು ಹುಟ್ಟಿದ ಬೇತ್ಲೆಹೇಮಿಗಾಗಿ, ಅವನನ್ನು ಶಿಲುಬೆಗೇರಿಸಿದ ಗೊಲ್ಗೊಥಾಕ್ಕಾಗಿ. ನಾನು ಬಂದದ್ದು ಆ ಮನೆಗಾಗಿ.

ಅದಕ್ಕೆ ಕಾರಣ ನನ್ನ ಅಜ್ಜಿ. ಬೆಟಗೇರಿಯ ನಮ್ಮ ಹಳೆಯ ಮನೆಯಲ್ಲಿ ಊಟಕ್ಕೆ ಮೊದಲು ಅಜ್ಜಿ ಸತ್ಯವೇದ ಓದುತ್ತಿದ್ದಳು. ಯೆಹೋಶುವನ ಎರಡನೆಯ ಅಧ್ಯಾಯ ಬಂದಾಗ, "ರಾಹಾಬಳೆಂಬ" ಎಂದು ಓದಿ ಒಂದು ಕ್ಷಣ ನಿಲ್ಲುತ್ತಿದ್ದಳು. ಆಮೇಲೆ "ಹೆಣ್ಣುಮಗಳ ಮನೆಗೆ" ಎಂದು ಮುಂದುವರಿಸುತ್ತಿದ್ದಳು. ಅಲ್ಲಿ ಅಚ್ಚಾಗಿದ್ದ ಪದ ಬೇರೆ, ಮೈಮಾರಿ ಬದುಕುವ ಹೆಣ್ಣನ್ನು ಕರೆಯುವ ಪದ ಎಂದು ನನಗೆ ಗೊತ್ತಾದದ್ದು ನಾನೇ ಓದಲು ಕಲಿತ ಮೇಲೆ. "ಅಜ್ಜಿ, ನೀನು ತಪ್ಪು ಓದಿದೆ" ಎಂದೆ. ಅಜ್ಜಿ ಬೈಯಲಿಲ್ಲ, ತಿದ್ದಿಕೊಳ್ಳಲೂ ಇಲ್ಲ. ಆ ಪುಟದ ಅಂಚು ಮಾತ್ರ ಬೇರೆ ಪುಟಗಳಿಗಿಂತ ಹೆಚ್ಚು ಸವೆದು, ಎಣ್ಣೆಗೈ ತಾಗಿ ಪಾರದರ್ಶಕವಾಗಿತ್ತು.

ಪ್ಯಾಲೆಸ್ತೀನಿನ ಯೆರಿಕೋ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿದೆ. ಬಸ್ಸಿನಿಂದ ಇಳಿದ ಕೂಡಲೇ ಗಾಳಿ ದಪ್ಪವಾದ ಹಾಗೆನಿಸಿತು. ಖರ್ಜೂರದ ತೋಟಗಳು, ಬಾಳೆ, ಕಿತ್ತಳೆ. ಅವುಗಳ ಹಿಂದೆ ಒಂದು ಗರಿಕೆಯೂ ಇಲ್ಲದ ಬೆಟ್ಟಗಳು. ಈ ಹಸಿರಿಗೆಲ್ಲ ಎಲೀಷನ ಬುಗ್ಗೆ ಎಂದು ಹೆಸರಾದ ಐನ್ ಅಸ್ಸುಲ್ತಾನ್ ಒರತೆಯೇ ಮೂಲ. ಒರತೆಯ ಎದುರಿಗೇ ಹಳೆಯ ಯೆರಿಕೋವಿನ ದಿಬ್ಬ, ತೆಲ್ ಅಸ್ಸುಲ್ತಾನ್. ಕ್ರಿ.ಶ. 333ರಲ್ಲಿ ಫ್ರಾನ್ಸಿನ ಬೋರ್ಡೋದಿಂದ ಬಂದಿದ್ದ ಯಾತ್ರಿಕನೊಬ್ಬ ಈ ಒರತೆಯ ಮೇಲ್ಗಡೆ ರಾಹಾಬಳ ಮನೆಯಿದೆ ಎಂದು ಬರೆದಿಟ್ಟಿದ್ದಾನೆ. ಹೆಸರಿಲ್ಲದ ಆ ಮನುಷ್ಯ ಅಷ್ಟು ದೂರದಿಂದ ಬಂದು ಮರೆಯದೆ ಬರೆದುಕೊಂಡದ್ದರಲ್ಲಿ ಅವಳ ಮನೆಯೂ ಒಂದು ಎಂಬುದು ನನಗೆ ಬಹಳ ಹತ್ತಿರದ ಸಂಗತಿ ಅನ್ನಿಸುತ್ತದೆ.

ಇಂದು ಅಲ್ಲಿ ಯಾರೂ ಯಾವ ಮನೆಯನ್ನೂ ತೋರಿಸುವುದಿಲ್ಲ. ದಿಬ್ಬದ ಮೇಲೆ ಅಗೆದ ಕಂದಕಗಳು, ಮಣ್ಣಿಟ್ಟಿಗೆಯ ಪದರ ಪದರದ ಗೋಡೆಗಳು. ಒಂದು ಆಳವಾದ ಕಂದಕದೊಳಗೆ ಸುಮಾರು ಹತ್ತು ಸಾವಿರ ವರ್ಷ ಹಳೆಯ ಕಲ್ಲಿನ ಗೋಪುರ; ಎಂಟೂವರೆ ಮೀಟರ್ ಎತ್ತರ, ಹೊಟ್ಟೆಯೊಳಗೆ 22 ಮೆಟ್ಟಿಲು. ಪುರಾತತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್ 1952ರಿಂದ 1958ರವರೆಗೆ ಅಗೆಸಿ ಬೆಳಕಿಗೆ ತಂದದ್ದು ಇದನ್ನೇ. ಅವರಿಗಿಂತ ಮೊದಲು ಜಾನ್ ಗಾರ್ಸ್ಟಾಂಗ್ ಇಲ್ಲಿ ಬಿದ್ದ ಗೋಡೆಗಳನ್ನು ಕಂಡು, ಗ್ರಂಥ ಹೇಳುವ ಹಾಗೆ ಯೆಹೋಶುವನ ಕಾಲದಲ್ಲಿ ಕುಸಿದವು ಇವೇ ಎಂದಿದ್ದರು. ಅವು ಅದಕ್ಕಿಂತ ಎಷ್ಟೋ ಶತಮಾನ ಹಳೆಯವು, ಯೆಹೋಶುವನ ಕಾಲಕ್ಕೆ ಇಲ್ಲಿ ದೊಡ್ಡ ಕೋಟೆಯ ಊರು ಇದ್ದ ಗುರುತು ಸಿಗುವುದಿಲ್ಲ ಎಂದು ಕೆನ್ಯನ್ ತೀರ್ಮಾನಿಸಿದರು. ಹೆಚ್ಚಿನ ಪುರಾತತ್ವಜ್ಞರು ಅದನ್ನು ಒಪ್ಪುತ್ತಾರೆ. ಮಾರ್ಗದರ್ಶಕರು ಇದನ್ನು ಮರೆಮಾಚದೆ ಹೇಳಿದಾಗ ನಮ್ಮ ಗುಂಪಿನಲ್ಲಿ ಕೆಲವರ ಮುಖ ಸಪ್ಪಗಾಯಿತು. ನನ್ನ ನಂಬಿಕೆ ಗೋಡೆಯ ಇಟ್ಟಿಗೆಗೆ ಕಟ್ಟಿಕೊಂಡದ್ದಲ್ಲ. ಆ ಗೋಡೆಯ ಮೇಲಿನ ಮನೆಯೊಳಗೆ ನಡೆದ ಮಾತಿಗೆ ಕಟ್ಟಿಕೊಂಡದ್ದು.

ನೆರಳಿರುವ ಕಡೆ ಎಲ್ಲರನ್ನೂ ಕೂರಿಸಿ, ನಮ್ಮ ಸಭಾಪಾಲಕರು ಓದುವ ಕೆಲಸವನ್ನು ನನಗೆ ಒಪ್ಪಿಸಿದರು. ಅಜ್ಜಿಯ ಸತ್ಯವೇದವನ್ನೇ ತೆಗೆದುಕೊಂಡು ಹೋಗಿದ್ದೆ. ಆ ಸಾಲು ಬಂದಾಗ ನನ್ನ ನಾಲಿಗೆಯೂ ನಿಂತಿತು. "ರಾಹಾಬಳೆಂಬ ಹೆಣ್ಣುಮಗಳ ಮನೆಗೆ" ಎಂದೆ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ತಮ್ಮ ಪುಸ್ತಕದಿಂದ ತಲೆಯೆತ್ತಿ ನೋಡಿದರು, ಏನೂ ಹೇಳಲಿಲ್ಲ.

ಅವಳು ಗೂಢಚಾರರನ್ನು ಮಾಳಿಗೆಗೆ ಹತ್ತಿಸಿ, ಒಣಗಲು ಹರವಿದ್ದ ಅಗಸೆಯ ದಂಟುಗಳ ಕೆಳಗೆ ಬಚ್ಚಿಟ್ಟಳು. ಅಗಸೆ ಎಂದರೆ ನಮ್ಮ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ, ಅಗಸಿ ಹಿಂಡಿ ಇಲ್ಲದೆ ರೊಟ್ಟಿಯೂಟ ಇಲ್ಲ. ಅಲ್ಲಿ ಅದನ್ನು ನಾರಿಗಾಗಿ ಬೆಳೆಯುತ್ತಿದ್ದರು. ನೆನೆಹಾಕಿ, ಒಣಗಿಸಿ, ಬಡಿದು, ನಾರು ಬಿಡಿಸಿ ನೂಲಬೇಕು. ಬೆನ್ನು ಮುರಿಯುವ ಕೆಲಸ. ಊರು ಅವಳನ್ನು ಒಂದೇ ಪದದಿಂದ ಕರೆಯುತ್ತಿತ್ತು. ಅವಳ ಮಾಳಿಗೆಯ ಮೇಲೆ ಮಾತ್ರ ದುಡಿಮೆಯ ದಂಟು ಒಣಗುತ್ತಿತ್ತು.

ನಿಮ್ಮ ದೇವರೇ ಮೇಲೆ ಆಕಾಶದಲ್ಲೂ ಕೆಳಗೆ ಭೂಮಿಯಲ್ಲೂ ದೇವರು ಎಂದು ಅವಳು ಆ ಅಪರಿಚಿತರಿಗೆ ಹೇಳಿದಳು. ಅವಳು ಇಸ್ರಾಯೇಲಳಲ್ಲ, ಯಾವ ಪ್ರವಾದಿಯೂ ಅವಳಲ್ಲಿಗೆ ಬಂದಿರಲಿಲ್ಲ. ಕೇಳಿಬಂದ ಸುದ್ದಿಯಷ್ಟೇ ಅವಳ ಬಂಡವಾಳ. ಆಮೇಲೆ ಅವಳು ಬೇಡಿದ್ದನ್ನು ನೋಡಿ: ತಂದೆ, ತಾಯಿ, ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರಿಗೆ ಸೇರಿದವರೆಲ್ಲರೂ ಉಳಿಯಬೇಕು. ಅವಳನ್ನು ಆ ಬದುಕಿಗೆ ಬಿಟ್ಟಿದ್ದ ಮನೆಯವರೇ ಇರಬಹುದು ಅವರು. ಆದರೂ ಒಬ್ಬರನ್ನೂ ಪಟ್ಟಿಯಿಂದ ಬಿಡಲಿಲ್ಲ. ಕಿಟಕಿಗೆ ಕೆಂಪು ದಾರ ಕಟ್ಟು, ಎಲ್ಲರನ್ನೂ ನಿನ್ನ ಮನೆಯೊಳಗೆ ಸೇರಿಸಿಕೋ ಎಂದು ಗೂಢಚಾರರು ಹೇಳಿದರು. ಹೀಬ್ರೂ ಮೂಲದಲ್ಲಿ ಆ ದಾರಕ್ಕಿರುವ 'ತಿಕ್ವಾ' ಎಂಬ ಪದಕ್ಕೆ ನಿರೀಕ್ಷೆ ಎಂಬ ಅರ್ಥವೂ ಇದೆ. ಮೊದಲನೆಯ ಶತಮಾನದ ಕೊನೆಗೆ ರೋಮಿನ ಸಭೆ ಕೊರಿಂಥದವರಿಗೆ ಬರೆದ ಪತ್ರದಲ್ಲೇ ಆ ಕೆಂಪಿನಲ್ಲಿ ಕ್ರಿಸ್ತನ ರಕ್ತವನ್ನು ಕಂಡಿದ್ದಾರೆ.

ಊರಿನ ಉಳಿದವರೆಲ್ಲ ಸತ್ತರು ಎಂಬ ವಾಕ್ಯ ಮುಂದೆ ಬರುತ್ತದೆ. ಅದನ್ನು ಓದುವಾಗ ನನ್ನ ಗಂಟಲು ಕಟ್ಟಿತು. ಆ ಮನೆಯ ಬಾಗಿಲು ಇನ್ನೂ ದೊಡ್ಡದಾಗಿರಬಾರದಿತ್ತೇ ಎಂದು ಈಗಲೂ ಪ್ರಾರ್ಥನೆಯಲ್ಲಿ ಕೇಳುತ್ತೇನೆ.

ನನ್ನ ಅಜ್ಜಿಯ ತಾಯಿಗೆ ಎಂಟು ವರ್ಷಕ್ಕೇ ಮುತ್ತು ಕಟ್ಟಿಸಿ ದೇವದಾಸಿ ಮಾಡಿದ್ದರು. ಕೆಂಪು ಬಿಳಿ ಮಣಿಗಳ ಆ ಸರ ಕೊರಳಿಗೆ ಬಿದ್ದ ಮೇಲೆ ಮದುವೆಯಿಲ್ಲ. ಊರಿನವರ ಬಾಯಲ್ಲಿ ಒಂದೇ ಹೆಸರು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದು, ಆಮೇಲೆ ನಮ್ಮ ಬೆಟಗೇರಿಯಲ್ಲೂ ಬೇರೂರಿತ್ತು. ಅಲ್ಲಿನ ದೇವಾಲಯದ ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ನಿಂತು ಅವಳು ಎಷ್ಟೋ ಭಾನುವಾರ ಕೇಳಿಸಿಕೊಂಡಳಂತೆ. ದೀಕ್ಷಾಸ್ನಾನ ಕೊಡಿ ಎಂದು ಕೇಳಿದ ದಿನ ತಾನೊಬ್ಬಳೇ ಹೋಗಲಿಲ್ಲ. ಮುತ್ತು ಕಟ್ಟಿಸಿದ ತಾಯಿಯನ್ನೇ ಕೈಹಿಡಿದು ಕರೆದುಕೊಂಡು ಹೋಗಿದ್ದಳು, ಜೊತೆಗೆ ಇಬ್ಬರು ತಮ್ಮಂದಿರು, ಕಂಕುಳಲ್ಲಿ ಕೂಸು. ಆ ಕೂಸೇ ನನ್ನ ಅಜ್ಜಿ. ಇದನ್ನು ಅಜ್ಜಿ ನನಗೆ ಹೇಳಿದ್ದು ತೀರಿಕೊಳ್ಳುವ ವರ್ಷ, ಸತ್ಯವೇದದ ಆ ಸವೆದ ಪುಟದ ಮೇಲೆ ಕೈಯಿಟ್ಟುಕೊಂಡು.

ದಿಬ್ಬ ಇಳಿದು ಬಂದಾಗ ಒರತೆಯ ಬಳಿಯ ಅಂಗಡಿಯ ಹೆಂಗಸು ನನ್ನ ಸೀರೆಯನ್ನು ನೋಡಿ "ಹಿಂದ್?" ಎಂದು ಕೇಳಿ, ಸ್ಟೂಲು ಸರಿಸಿ ಕೂರಿಸಿದಳು. ಹಸಿ ಬಾದಾಮಿಯ ಕಾಲ. ಕಾಯಿಯ ಮೇಲೆಲ್ಲ ಮೃದುವಾದ ರೋಮ. ಸಿಪ್ಪೆ ಸಮೇತ ಉಪ್ಪಿಗೆ ಅದ್ದಿ ತಿನ್ನಬೇಕು ಎಂದು ತಾನೇ ಒಂದನ್ನು ಕಚ್ಚಿ ತೋರಿಸಿದಳು. ಎಳೆಯ ಮಾವಿನಕಾಯಿಯ ಹುಳಿ, ಅದೇ ಕರಕರ. ದುಡ್ಡು ಕೊಡಹೋದರೆ ಎದೆಯ ಮೇಲೆ ಅಂಗೈಯಿಟ್ಟು ತಲೆಯಾಡಿಸಿದಳು. ಊರಿನ ಗಡಿಯಲ್ಲಿ ತಪಾಸಣಾ ಠಾಣೆಗಳನ್ನು ಕಂಡೇ ಬಂದಿದ್ದೆವು. ಪರದೇಶದವರಿಗೆ ಇಷ್ಟು ಸಲೀಸಾಗಿ ಜಾಗ ಕೊಡುವವರ ಸ್ವಂತ ಓಡಾಟ ಅಷ್ಟು ಸಲೀಸಲ್ಲ ಎಂಬುದು ಆ ದಿನವಿಡೀ ನನ್ನನ್ನು ಬಿಡಲಿಲ್ಲ.

ಪೇಟೆಯಲ್ಲಿ, ಯೇಸುವನ್ನು ನೋಡಲು ಅತ್ತಿಮರ ಹತ್ತಿದ ಜಕ್ಕಾಯನ ಹೆಸರಿನ ಹಳೆಯ ಮರವನ್ನು ಬಸ್ಸಿನಿಂದಲೇ ನೋಡಿದೆವು. ಸುಂಕ ವಸೂಲಿ ಮಾಡಿ ಊರಿಗೆಲ್ಲ ಬೇಡವಾಗಿದ್ದ ಅವನ ಮನೆಗೂ ಇಂದು ರಕ್ಷಣೆ ಬಂತು ಎಂದು ಯೇಸು ಹೇಳಿದ್ದು ಇದೇ ಊರಿನಲ್ಲಿ.

ಮರುದಿನ ಬೇತ್ಲೆಹೇಮ್. ದೇವಾಲಯದ ತಗ್ಗು ಬಾಗಿಲಿನಲ್ಲಿ ಬಗ್ಗಿ ಒಳಹೋಗುವ ಮೊದಲು, ಹೊರಗಿನ ಕಲ್ಲುಹಾಸಿನ ಮೇಲೆ ನಿಂತು ಸಭಾಪಾಲಕರು ಮತ್ತಾಯನ ಮೊದಲ ಅಧ್ಯಾಯ ಓದಿದರು. ಹೆಸರಿನ ಮೇಲೆ ಹೆಸರು ಬರುವ ಆ ವಂಶಾವಳಿಯನ್ನು ನಾವು ಸಾಮಾನ್ಯವಾಗಿ ಕೇಳಿಸಿಕೊಳ್ಳದೇ ದಾಟಿಬಿಡುತ್ತೇವೆ. ರಾಹಾಬಳ ಮಗ ಬೋವಜ ಇದೇ ಬೇತ್ಲೆಹೇಮಿನ ಹೊಲದವನು. ಬೋವಜನ ಮಗ ಓಬೇದ, ಅವನ ಮಗ ಇಷಯ, ಅವನ ಮಗ ದಾವೀದ. ಆ ಸಾಲಿನ ಕೊನೆಗೆ ಯೇಸು. ಯೆಹೋಶುವನ ಗ್ರಂಥ ಆ ಪದವನ್ನು ಬರೆಯುತ್ತದೆ. ಅವಳ ನಂಬಿಕೆಯನ್ನು ಹೊಗಳುವಾಗಲೂ ಇಬ್ರಿಯರ ಪತ್ರ ಬರೆಯುತ್ತದೆ, ಯಾಕೋಬನ ಪತ್ರವೂ ಬರೆಯುತ್ತದೆ.

ಸಭಾಪಾಲಕರು ಓದುತ್ತ ಐದನೆಯ ವಚನಕ್ಕೆ ಬಂದರು. ನಾನು ಅಜ್ಜಿಯ ಪುಸ್ತಕದಲ್ಲಿ ಬೆರಳಿಟ್ಟು ಜೊತೆಗೆ ಓದಿಕೊಂಡೆ. ಸಲ್ಮೋನನು, ರಾಹಾಬಳು, ಬೋವಜನು. ಹೆಸರಷ್ಟೇ ಇತ್ತು. ಬಿಡಬೇಕಾದ ಪದವೇ ಅಲ್ಲಿರಲಿಲ್ಲ.