ಯುಗಾದಿ ಅಮಾವಾಸ್ಯೆ, ಮಾವನ ತೋಟ: 3ಸಿ 273ರ ಗೆರೆ ಸಿಕ್ಕಿತು

ಮೂರು ಅಮಾವಾಸ್ಯೆಯಿಂದ ಕಾಯುತ್ತಿದ್ದ ಗೆರೆ ಕೊನೆಗೂ ಸಿಕ್ಕಿತು. ಹಿರಿಯೂರಿನ ಹತ್ತಿರ ಮಾವನ ತೋಟದಲ್ಲಿ, ರಾತ್ರಿ ಒಂದು ಗಂಟೆ ಹೊತ್ತಿಗೆ, ನಕ್ಷತ್ರದಂತೆ ಕಾಣುವ 3ಸಿ 273 ಎಂಬ ಕ್ವೇಸಾರ್ ನೆತ್ತಿಗೆ ಹತ್ತಿರ ಬಂದಿತ್ತು. ಅದರ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದರೆ, ಹೈಡ್ರೋಜನ್ ಅನಿಲ ತನ್ನ ಗುರುತಿನ ಬಣ್ಣದಲ್ಲಿ ಮೂಡಿಸುವ ಗೆರೆ ತನ್ನ ಜಾಗದಲ್ಲಿರಲಿಲ್ಲ. ಕೆಂಪಿನ ಕಡೆಗೆ ಸರಿದು ಕೂತಿತ್ತು. ಲ್ಯಾಪ್‌ಟಾಪ್ ಮುಂದೆ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

ಸಲಕರಣೆ ಹೋದ ಸಲದ್ದೇ. 8 ಇಂಚಿನ ನ್ಯೂಟೋನಿಯನ್ (ಕನ್ನಡಿ ಟೆಲಿಸ್ಕೋಪ್), 1000 ಮಿ.ಮೀ. ಫೋಕಲ್ ಲೆಂಗ್ತ್, ಆಕಾಶದ ಜೊತೆ ತಿರುಗುವ ಈಕ್ವಟೋರಿಯಲ್ ಮೌಂಟ್, ಕಪ್ಪುಬಿಳುಪು ಕ್ಯಾಮೆರಾ. ಅದರ ಮುಂದೆ ಫಿಲ್ಟರಿನಂತೆ ತಿರುಗಿಸಿ ಕೂರಿಸುವ ಗ್ರೇಟಿಂಗ್. ಒಂದು ಮಿಲಿಮೀಟರಿಗೆ 100 ಗೀರು. ಪ್ರತಿ ನಕ್ಷತ್ರದ ಪಕ್ಕದಲ್ಲೂ ಅದರ ಬೆಳಕನ್ನು ಒಂದು ಉದ್ದ ಪಟ್ಟಿಯಾಗಿ ಹರಡುತ್ತದೆ.

3ಸಿ 273 ನೋಡಲಿಕ್ಕೆ ಬರೀ ಒಂದು ಚುಕ್ಕಿ. ಕನ್ಯಾ ರಾಶಿಯಲ್ಲಿದೆ, ಕಾಂತಿಮಾನ ಸುಮಾರು 12.9, ಬರಿಗಣ್ಣಿಗೆ ಕಾಣದಷ್ಟು ಮಂಕು. 1962ರಲ್ಲಿ ಈ ರೇಡಿಯೋ ಮೂಲವನ್ನು ಚಂದ್ರ ಮರೆ ಮಾಡಿದಾಗ, ಸಿರಿಲ್ ಹಜಾರ್ಡ್ ಮತ್ತು ಜೊತೆಗಾರರು ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ಟೆಲಿಸ್ಕೋಪಿನಿಂದ ಅದರ ಜಾಗವನ್ನು ನಿಖರವಾಗಿ ಗುರುತಿಸಿದರು. ಪಾಲೊಮಾರ್‌ನ 200 ಇಂಚಿನ ಟೆಲಿಸ್ಕೋಪಿನಲ್ಲಿ ಅದರ ರೋಹಿತ (ಬೆಳಕಿನ ಬಣ್ಣದ ಪಟ್ಟಿ) ತೆಗೆದ ಮಾರ್ಟೆನ್ ಸ್ಮಿತ್‌ಗೆ ಗೆರೆಗಳು ಮೊದಲು ಅರ್ಥವಾಗಲಿಲ್ಲ. 1963ರಲ್ಲಿ ಹೊಳೆಯಿತು: ಅವು ಮಾಮೂಲಿ ಹೈಡ್ರೋಜನ್ ಗೆರೆಗಳೇ, ಸುಮಾರು ಶೇ. 16ರಷ್ಟು ಸರಿದಿವೆ. ಅಂದರೆ ಇದು ನಕ್ಷತ್ರವಲ್ಲ, ಬಹಳ ದೂರದ ಗ್ಯಾಲಕ್ಸಿಯೊಂದರ ನಡುಮಧ್ಯದ ಉರಿ. ಆ ಸರಿತವನ್ನು ನನ್ನ ಅಳತೆಯಲ್ಲೇ ಕಾಣಬೇಕು ಅನ್ನುವುದೇ ಈ ಕೆಲಸದ ಆಸೆ.

ಮೊದಲ ಅಮಾವಾಸ್ಯೆ ಇಬ್ಬನಿಗೆ ಹೋಯಿತು. ಎರಡನೆಯದರಲ್ಲಿ ಪಟ್ಟಿಯ ಬೆಳಕಿನ ಗ್ರಾಫಿನಲ್ಲಿ ಒಂದು ದಿಬ್ಬ, ಅಂದರೆ ಹೊಳೆಯುವ ಗೆರೆಯ ಗುರುತು, ಸಿಕ್ಕಿತ್ತು. ಕುಣಿದಾಡುವಷ್ಟು ಖುಷಿಯಾಗಿತ್ತು, ಆದರೆ ಲೆಕ್ಕ ಕೂಡಿಬರಲಿಲ್ಲ. ಫ್ರೇಮನ್ನು ಹಿಗ್ಗಿಸಿ ನೋಡಿದಾಗ ಕಾರಣ ಗೊತ್ತಾಯಿತು. ಪಕ್ಕದ ಒಂದು ಮಂಕು ನಕ್ಷತ್ರದ ಚುಕ್ಕಿ ಸರಿಯಾಗಿ ಪಟ್ಟಿಯ ಮೇಲೆ ಬಂದು ಕೂತಿತ್ತು. ಅದಕ್ಕೇ ಈ ಸಲ ಎಲ್ಲಕ್ಕಿಂತ ಮೊದಲು ಗ್ರೇಟಿಂಗನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಪಟ್ಟಿ ಖಾಲಿ ಆಕಾಶದ ಮೇಲೆ ಬೀಳುವಂತೆ ಮಾಡಿಕೊಂಡೆ. ಅರ್ಧ ಗಂಟೆ ಹಿಡಿಯಿತು. ಇದನ್ನು ಮಾಡುವವರು ಯಾರೇ ಇರಲಿ, ಈ ಅರ್ಧ ಗಂಟೆ ಉಳಿಸಲು ಹೋಗಬೇಡಿ.

ಅಳತೆಗೋಲಿಗೆ ಡೆನೆಬೋಲಾ ಹಿಡಿದೆ. ನಮ್ಮ ಕಡೆ ಉತ್ತರೆ ಮಳೆ ಅಂತೀವಲ್ಲ, ಅದೇ ಉತ್ತರೆ ನಕ್ಷತ್ರ. ಅದರ ಪಟ್ಟಿಯಲ್ಲಿ ಹೈಡ್ರೋಜನ್ನಿನ ಬೀಟಾ ಗೆರೆ ಕಪ್ಪಗೆ ಚೆನ್ನಾಗಿ ಎದ್ದು ಕಾಣುತ್ತದೆ. ನಕ್ಷತ್ರದ ಚುಕ್ಕಿಯಿಂದ ಗೆರೆಗೆ 434 ಪಿಕ್ಸೆಲ್. ಆ ಗೆರೆಯ ತರಂಗಾಂತರ 486.1 ನ್ಯಾನೋಮೀಟರ್. ಅಲ್ಲಿಗೆ ಒಂದು ಪಿಕ್ಸೆಲಿಗೆ 1.12 ನ್ಯಾನೋಮೀಟರ್.

ಆಮೇಲೆ 3ಸಿ 273. ಒಂದೊಂದು ನಿಮಿಷದ 70 ಫ್ರೇಮ್, ಎಲ್ಲವನ್ನೂ ಪೇರಿಸಿದೆ. ಬೀಟಾ ಗೆರೆಯ ದಿಬ್ಬ 502ನೇ ಪಿಕ್ಸೆಲಿನಲ್ಲಿ, ಅಂದರೆ 562.2 ನ್ಯಾನೋಮೀಟರ್. ಸರಿತ 0.157. ಪುಸ್ತಕದ ಬೆಲೆ 0.158. ಪಕ್ಕದಲ್ಲಿ ಹೈಡ್ರೋಜನ್ನಿನ ಗಾಮಾ ಗೆರೆಯ ಪುಟ್ಟ ದಿಬ್ಬವೂ 449ನೇ ಪಿಕ್ಸೆಲಿನ ಹತ್ತಿರ ಇತ್ತು, ಅದೂ ಅದೇ ಉತ್ತರ ಕೊಟ್ಟಿತು. ಎಲ್ಲಕ್ಕಿಂತ ಜೋರಾದ ಆಲ್ಫಾ ಗೆರೆ ಮಾತ್ರ ಕೈಕೊಟ್ಟಿತು. ಅದು ಸರಿದು 760 ನ್ಯಾನೋಮೀಟರಿಗೆ ಬರುತ್ತದೆ. ಸರಿಯಾಗಿ ಅಲ್ಲೇ ನಮ್ಮ ಗಾಳಿಯ ಆಮ್ಲಜನಕ ಬೆಳಕನ್ನು ನುಂಗುತ್ತದೆ. ಅಷ್ಟು ದೂರ ಬಂದ ಬೆಳಕು ಕೊನೆಯ ಕೆಲವು ಕಿಲೋಮೀಟರಿನಲ್ಲಿ ಕಳೆದುಹೋಗುವುದು ನೋಡಿ ಹೊಟ್ಟೆ ಚುರ್ ಅಂತು.

ಗೆರೆ ದಿಬ್ಬದಂತೆ ಅಗಲವಾಗಿರಲು ಕಾರಣ, ಆ ಉರಿಯ ನಡುವಿನ ಕಪ್ಪುಕುಳಿಯ ಸುತ್ತ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಗಿರಕಿ ಹೊಡೆಯುವ ಅನಿಲ. ಆದರೆ ನನ್ನ ದಿಬ್ಬದ ಅಗಲದಲ್ಲಿ ದೊಡ್ಡ ಪಾಲು ಚುಕ್ಕಿಯ ಮಸುಕಿನದೇ, ಹಾಗಾಗಿ ಅದರಿಂದ ಕಪ್ಪುಕುಳಿಯ ತೂಕ ಅಳೆಯಲು ಹೋಗಲಿಲ್ಲ. ಅದನ್ನು ಚಿಲಿಯ ನಾಲ್ಕು 8 ಮೀಟರ್ ಟೆಲಿಸ್ಕೋಪುಗಳ ಬೆಳಕು ಒಟ್ಟು ಸೇರಿಸುವ ಗ್ರ್ಯಾವಿಟಿ ಎಂಬ ಉಪಕರಣದ ತಂಡ 2018ರಲ್ಲಿ ಅಳೆಯಿತು: ಸುಮಾರು 26 ಕೋಟಿ ಸೂರ್ಯರಷ್ಟು.

ಪಂಪ್‌ಹೌಸಿನ ಲೈಟ್ ಆರಿಸಿ ಬಂದ ಮಾವ ಪರದೆ ನೋಡಿದರು. ‘ಎಷ್ಟು ಹಳೇ ಬೆಳಕಪ್ಪಾ ಇದು?’ 200 ಕೋಟಿ ವರ್ಷ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: ‘ಹಂಗಾರೆ ಈಗ್ಲೂ ಉರೀತಾ ಇರುತ್ತಾ?’

ಅದೇ ನಿಜವಾದ ಪ್ರಶ್ನೆ. ಬಾಯಲ್ಲಿ ಹೇಳುವ ಬದಲು ಟೆಲಿಸ್ಕೋಪನ್ನೇ ಉತ್ತರಕ್ಕೆ ಹತ್ತು ಡಿಗ್ರಿ ತಿರುಗಿಸಿದೆ. ಕೈ ಚಾಚಿ ಹಿಡಿದ ಮುಷ್ಟಿಯಷ್ಟು ದೂರ. ಅಲ್ಲಿ ಎಂ87 ಎಂಬ ಗ್ಯಾಲಕ್ಸಿ. ಒಂದು ನಿಮಿಷದ ಫ್ರೇಮಿನಲ್ಲೇ ದೊಡ್ಡ ಹತ್ತಿಯುಂಡೆಯಂತೆ ಗ್ಯಾಲಕ್ಸಿ ಕಂಡಿತು. ಅದರ ನಡುವಿನ ಕಪ್ಪುಕುಳಿ 650 ಕೋಟಿ ಸೂರ್ಯರಷ್ಟು ಭಾರ. 2019ರಲ್ಲಿ ನೆರಳಿನ ಚಿತ್ರ ಬಂತಲ್ಲ, ಅದೇ. 3ಸಿ 273ರದ್ದಕ್ಕಿಂತ 25 ಪಟ್ಟು ತೂಕ. ಆದರೂ ಇಲ್ಲಿ ಕಾಣುವುದು ಗ್ಯಾಲಕ್ಸಿ, ಅಲ್ಲಿ ಕಾಣುವುದು ಬರೀ ಉರಿ. 3ಸಿ 273ರ ಸುತ್ತಲೂ ದೊಡ್ಡ ಗ್ಯಾಲಕ್ಸಿ ಇದೆ, ಆ ಬೆಳಕಿನಲ್ಲಿ ಮುಳುಗಿಹೋಗಿದೆ ಅಷ್ಟೇ. ವ್ಯತ್ಯಾಸ ಇರುವುದು ತೂಕದಲ್ಲಲ್ಲ, ಊಟದಲ್ಲಿ. ಒಳಗೆ ಬೀಳುವ ಅನಿಲ ತಿಕ್ಕಾಡಿ ಕಾದು ಹೊಳೆಯುತ್ತದೆ. ಅನಿಲ ತೀರಿದರೆ ಉರಿಯೂ ತಗ್ಗುತ್ತದೆ. 3ಸಿ 273 ಇಷ್ಟು ಹೊತ್ತಿಗೆ ಆರಿರಲೂಬಹುದು.

ಮಾವನಿಗೆ ಇನ್ನೂ ಒಂದು ಹೇಳಿದೆ. ಕಪ್ಪುಕುಳಿಯ ಸೆಳೆತಕ್ಕೆ ನೇರವಾಗಿ ಸಿಗುವುದು ನಡುವಿನ ಕೆಲವು ನೂರು ಜ್ಯೋತಿರ್ವರ್ಷ ಮಾತ್ರ. ಆದರೂ 2000ದಲ್ಲಿ ಎರಡು ತಂಡಗಳು ಒಂದು ನಂಟು ಕಂಡುಕೊಂಡವು: ಗ್ಯಾಲಕ್ಸಿಯ ನಡುವಿನ ಉಬ್ಬಿನ ನಕ್ಷತ್ರಗಳು ಜೋರಾಗಿ ಓಡಾಡಿದಷ್ಟೂ ಒಳಗಿನ ಕಪ್ಪುಕುಳಿ ಭಾರ. ಕಪ್ಪುಕುಳಿ ಅಷ್ಟು ದೂರಕ್ಕೆ ಹೇಗೆ ಮುಟ್ಟುತ್ತದೆ ಅನ್ನುವುದಕ್ಕೆ ಎಂ87 ಒಂದು ಸುಳಿವು: ಅಲ್ಲಿ ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಚಿಲುಮೆ ಸುತ್ತಲಿನ ಅನಿಲವನ್ನು ಬಿಸಿಯಾಗಿಯೇ ಇಡುತ್ತದೆ. ಅನಿಲ ತಣ್ಣಗಾಗದೆ ಹೊಸ ನಕ್ಷತ್ರ ಹುಟ್ಟುವುದಿಲ್ಲ ಅಲ್ವಾ?

ಮುಂದಿನ ಅಮಾವಾಸ್ಯೆಗೆ ಆ ಚಿಲುಮೆಯೇ ಗುರಿ. 1918ರಲ್ಲಿ ಹೀಬರ್ ಕರ್ಟಿಸ್ ಅದನ್ನು ಮೊದಲು ಗುರುತಿಸಿದ್ದು. ಉದ್ದ ಸುಮಾರು 20 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಗೆ 3600 ಆರ್ಕ್‌ಸೆಕೆಂಡ್), ನನ್ನ ಕ್ಯಾಮೆರಾದಲ್ಲಿ ಹೆಚ್ಚೆಂದರೆ 25 ಪಿಕ್ಸೆಲ್. ಗೆಳೆಯನ ಹತ್ತಿರ ಚಿತ್ರವನ್ನು ಹಿಗ್ಗಿಸುವ ಬಾರ್ಲೋ ಲೆನ್ಸ್ ಕೇಳಿದ್ದೇನೆ. ಗ್ಯಾಲಕ್ಸಿಯ ನಡುಭಾಗ ಬೆಳ್ಳಗೆ ಸುಟ್ಟುಹೋಗದಂತೆ ಐದು ಸೆಕೆಂಡಿನ ಪುಟ್ಟ ಫ್ರೇಮುಗಳನ್ನೇ ತೆಗೆಯಬೇಕು, ಸಾವಿರವಾದರೂ ಬೇಕಾದೀತು.